ಮೇಲಿನ ಬೋಲ್ಟು, ಕೆಳಗಿನ ಬೋಲ್ಟು

ಇತ್ತೀಚೆಗೆ ನನಗೊಂದು ವಿಚಿತ್ರ ಚಟ ಅಂಟಿಕೊಂಡಿದೆ. ಯಾವುದನ್ನೇ ಆಗಲಿ ಬರಿದು ಮಾಡುವ ಮೊದಲು, ಅದನ್ನು ಮತ್ತೆ ತುಂಬುವ ಬಾಯಿ ತೆರೆಯುತ್ತದೆಯೋ ಇಲ್ಲವೋ ಎಂದು ನೋಡುವುದು. ಮಾಳಿಗೆಯ ಮೇಲಿನ ನೀರಿನ ಟಾಕಿ ತೊಳೆಯಬೇಕೆಂದರೆ ಮೊದಲು ಅದರ ಮುಚ್ಚಳ ತಿರುಗಿಸಿ ನೋಡುತ್ತೇನೆ, ಆಮೇಲೆ ಕೆಳಗಿನ ನಲ್ಲಿ ಬಿಡುತ್ತೇನೆ. ಪೆನ್ನಿನ ಶಾಯಿ ಮುಗಿಯುವ ಮೊದಲು ದವತಿಯ ಬಿರಡೆ ತೆಗೆದು ನೋಡುತ್ತೇನೆ. ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಾಳೆ. ನಗಲಿ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ನಗುವುದಕ್ಕೆ ನನ್ನಲ್ಲಿ ಹೊಸದೊಂದು ಸಿಕ್ಕಿತಲ್ಲ ಎಂದು ನಾನೂ ಸುಮ್ಮನಿದ್ದೇನೆ.

ಈ ಚಟಕ್ಕೆ ಮೂಲ ನಮ್ಮಪ್ಪನ ಜೀಪು. ಇನ್ನೂ ಕರಾರುವಾಕ್ಕಾಗಿ ಹೇಳಬೇಕೆಂದರೆ ಆ ಜೀಪಿನ ಹೊಟ್ಟೆಯಲ್ಲಿರುವ ಎರಡು ಬೋಲ್ಟುಗಳು. ರೋಣದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಹೀಗಾಗಿ ಏನು ಹೇಳಿದರೂ ಕರಾರುವಾಕ್ಕಾಗಿ ಹೇಳುವ ರೋಗವೂ ಉಂಟು.

ಸಾಮಾನ್ಯ ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿಗೆ ಬಂದು ಅಲ್ಲಿಂದ ಎರಡು ಗಾಲಿಗಳಿಗಷ್ಟೇ ಹೋಗುತ್ತದೆ. ನಾಲ್ಕೂ ಗಾಲಿ ಎಳೆಯುವ ಜೀಪಿನಲ್ಲಿ ಗೇರ್ ಬಾಕ್ಸಿನ ಬೆನ್ನಿಗೆ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ. ಬಂದ ಶಕ್ತಿಯನ್ನು ಮುಂದಿನ ಗಾಲಿಗಳಿಗಿಷ್ಟು, ಹಿಂದಿನ ಗಾಲಿಗಳಿಗಿಷ್ಟು ಎಂದು ಹಂಚಿಕೊಡುವುದು ಅದರ ಕೆಲಸ. ಟ್ರಾನ್ಸ್‌ಫರ್ ಕೇಸ್ ಎನ್ನುವುದು ಅದಕ್ಕೆ ಪುಸ್ತಕದವರು ಇಟ್ಟ ಹೆಸರು. ಅಪ್ಪ ಅದನ್ನು ‘ಸಣ್ಣ ಡಬ್ಬಿ’ ಎನ್ನುತ್ತಿದ್ದ. ಅದರೊಳಗಿನ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಆ ಎಣ್ಣೆಯನ್ನು ಆಗಾಗ ಬದಲಿಸಬೇಕು. ಡಬ್ಬಿಯ ತಳದಲ್ಲಿ ಹಳೆಯ ಎಣ್ಣೆ ಇಳಿಸಲು ಒಂದು ಬೋಲ್ಟು, ಪಕ್ಕದಲ್ಲಿ ಸ್ವಲ್ಪ ಮೇಲೆ ಹೊಸದು ತುಂಬಲು ಇನ್ನೊಂದು ಬೋಲ್ಟು. ಇಷ್ಟೇ ವಿದ್ಯೆ. ಎಂಟನೆಯ ತರಗತಿಯ ಹುಡುಗರಿಗೂ ತಿಳಿಯುವಂಥದ್ದು.

ನಾಲ್ಕು ಗಾಲಿಯ ಹುಚ್ಚು ಅಪ್ಪನಿಗೆ ಯಾಕೆ ಎಂದು ಕೇಳುವವರು ನಮ್ಮ ಕಪ್ಪು ಮಣ್ಣಿನ ಎರಿ ಭೂಮಿಯನ್ನು ಮಳೆಗಾಲದಲ್ಲಿ ನೋಡಿದವರಲ್ಲ. ಬೇಸಿಗೆಯಲ್ಲಿ ಅದು ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟುಕೊಂಡು ಬಿದ್ದಿರುತ್ತದೆ. ನಾಲ್ಕು ಹನಿ ಬಿದ್ದರೆ ಸಾಕು, ಹಾದುಹೋಗುವವರ ಚಪ್ಪಲಿ ಹಿಡಿದು ಎಳೆಯುತ್ತದೆ. ಸಣ್ಣವನಿದ್ದಾಗ ಹೊಲದಿಂದ ಮನೆಗೆ ಬರುವಷ್ಟರಲ್ಲಿ ನನ್ನ ಕಾಲು ಆನೆಯ ಕಾಲಿನಷ್ಟಾಗುತ್ತಿತ್ತು. ಕಟ್ಟೆಯ ಮೇಲೆ ಕೂತು ತೊಗರಿ ಕಟ್ಟಿಗೆಯಿಂದ ರಾಡಿ ಕೆರೆದು ತೆಗೆಯುವುದೇ ಒಂದು ಸಂಜೆಯ ಕೆಲಸ. ಗಾಲಿಗಳ ಗತಿಯೂ ಅದೇ. ರಾಡಿ ಸುತ್ತಿಕೊಂಡು, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರದಂತಾಗಿ ಗಾಡಿ ನಿಂತುಬಿಡುತ್ತದೆ. ಅಂಥದ್ದರಲ್ಲಿ ಅಪ್ಪನ ಜೀಪು ಗುರುಗುಟ್ಟುತ್ತ ಹೊಲದಿಂದ ಎದ್ದು ಬರುತ್ತಿತ್ತು. ಹೊಳೆಆಲೂರಿನ ಸ್ಟೇಷನ್ನಿಗೆ ಬಂದಿಳಿದ ನೆಂಟರು ಮಳೆ ಕಂಡರೆ ಬೇರೆಯವರ ಮನೆ ಬಿಟ್ಟು ನಮ್ಮ ಮನೆಗೇ ಬರುತ್ತಿದ್ದುದು ಪ್ರೀತಿಯಿಂದ ಎಂದು ನಾನು ಬಹಳ ದಿನ ನಂಬಿದ್ದೆ.

ವರ್ಷಕ್ಕೊಮ್ಮೆ, ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ ಮೊದಲು, ಅಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ತೂರುತ್ತಿದ್ದ. ಹೊರಗೆ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಪಾದಗಳ ಹತ್ತಿರ ಅಕ್ಕ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದಳು. ಒಳಗಿನಿಂದ ಕೈ ಹೊರಗೆ ಬಂದು “ಹದಿನೇಳರದು” ಎಂದರೆ ಆ ಅಳತೆಯ ಪಾನಾ, ಅಂದರೆ ಸ್ಪ್ಯಾನರು, ಕೊಡುತ್ತಿದ್ದಳು. “ಸುರುವು” ಎಂದರೆ ಎಣ್ಣೆ ಸುರುವುತ್ತಿದ್ದಳು, “ಸಾಕು” ಎಂದರೆ ನಿಲ್ಲಿಸುತ್ತಿದ್ದಳು. ಗೇರ್ ಎಣ್ಣೆಯ ವಾಸನೆ ಕೊಳೆತ ಉಳ್ಳಾಗಡ್ಡಿಗೆ ಹತ್ತಿರವಾದದ್ದು. ನಾನು ಮೂಗು ಮುಚ್ಚಿಕೊಂಡು ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ಕೂತಿರುತ್ತಿದ್ದೆ. “ಹುಡುಗ ಓದಾಕ ಭಾಳ ಚುರುಕ” ಎಂದು ಹಾದುಹೋಗುವವರು ಹೇಳುತ್ತಿದ್ದರು. ಹಳೆಯ ಎಣ್ಣೆಯನ್ನು ದನದ ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹತ್ತದಂತೆ ಬಳಿಯುವ ಕೆಲಸ ಮಾತ್ರ ನನ್ನ ಪಾಲಿಗೆ ಬರುತ್ತಿತ್ತು. ಅದಕ್ಕೆ ಚುರುಕು ಬೇಕಿರಲಿಲ್ಲ.

ಅಕ್ಕನಿಗೆ ಜೀಪು ಓಡಿಸುವುದನ್ನೂ ಅಪ್ಪನೇ ಕಲಿಸಿದ, ಬೆಳೆ ಕಿತ್ತ ಖಾಲಿ ಹೊಲದಲ್ಲಿ. ಆಗ ನಮ್ಮ ಕಡೆ ಹೆಣ್ಣುಮಕ್ಕಳು ಸೈಕಲ್ಲು ಏರಿದರೂ ಬಾಗಿಲಿಗೆ ಬಂದು ನೋಡುತ್ತಿದ್ದರು. ಅಸೂಟಿಗೆ ಮದುವೆಯಾಗಿ ಹೋದ ಮೇಲೂ ಹಬ್ಬಕ್ಕೆ ಬಂದರೆ ಒಮ್ಮೆ ಜೀಪು ತೆಗೆದು ಶಿರೋಳದವರೆಗೆ ಸುತ್ತಿಸಿಕೊಂಡು ಬರದೆ ಅವಳಿಗೆ ಹೋಳಿಗೆ ರುಚಿಸುತ್ತಿರಲಿಲ್ಲ. ನಾನು ಕಲಿತದ್ದು ಬಹಳ ತಡವಾಗಿ, ಡ್ರೈವಿಂಗ್ ಶಾಲೆಯಲ್ಲಿ, ಪುಟ್ಟ ಕಾರಿನಲ್ಲಿ.

ಅಪ್ಪ ಹೋಗಿ ಮೂರು ವರ್ಷವಾಯಿತು. ಕಾರ್ಯಗಳೆಲ್ಲ ಮುಗಿದ ಮೇಲೆ ಹಿರಿಯರು ಪಡಸಾಲೆಯಲ್ಲಿ ಕೂತು ಹೊಲದ ಮಾತು, ಮನೆಯ ಮಾತು ಮುಗಿಸಿದರು. ಕೊನೆಗೆ ಯಾರೋ “ಜೀಪ?” ಎಂದರು. “ಅದೇನ, ಬಸವರಾಜನ ಹೆಸರಿಗೆ ಮಾಡ್ರಿ” ಎಂದು ಇನ್ನ್ಯಾರೋ ಅಂದರು. ಬಸವರಾಜ ಎಂದರೆ ನಾನು. ಅಕ್ಕ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು. ತೋರಿಸಿದ ಕಡೆ ಸಹಿ ಮಾಡಿದಳು. ಗಂಡುಮಗನ ಹೆಸರಿಗೆ ಗಾಡಿ ಹೋಗುವುದು ಸಹಜವೇ ಎಂದು ನನಗೂ ಅನಿಸಿತ್ತು. ಅನಿಸಿತ್ತು ಎನ್ನುವುದೂ ಸುಳ್ಳೇ; ಆ ಬಗ್ಗೆ ನನಗೆ ಏನೂ ಅನಿಸಿರಲಿಲ್ಲ. ಅಂದು ಅಸೂಟಿಗೆ ಹೋದ ಅಕ್ಕ ಮುಂದೆ ಯಾವ ಹಬ್ಬಕ್ಕೂ ತವರಿಗೆ ಬರಲಿಲ್ಲ. ಒಮ್ಮೆ ಮಳೆ, ಒಮ್ಮೆ ಎಮ್ಮೆ ಈಯುವುದಿತ್ತು, ಒಮ್ಮೆ ಮೊಣಕಾಲು ನೋವು. ಜಗಳವಾಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ನಾವು ಜಗಳವನ್ನೇ ಆಡಿರಲಿಲ್ಲ.

ಕಳೆದ ದಸರೆಗೆ ಎಂಟು ದಿನ ಇರುವಾಗ ನಾನೇ ಫೋನು ಮಾಡಿದೆ. ದಶಮಿಯ ದಿನ ನಮ್ಮಲ್ಲಿ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು, ಹಿರಿಯರ ಕಾಲು ಮುಟ್ಟಿ, ಹಳೆಯದನ್ನೆಲ್ಲ ಮರೆಯುವ ರೂಢಿ. ಮೂರು ವರ್ಷದಿಂದ ಅಕ್ಕನಿಗೆ ನಾನು ಬನ್ನಿ ಕೊಟ್ಟಿರಲಿಲ್ಲ.

“ಈ ಸಲ ಬನ್ನಿ ಕೊಡಾಕ ನಾನ ಬರ್ತೇನಿ ಅಕ್ಕಾ.”

ಆ ಕಡೆ ಎಮ್ಮೆಯ ಕೊರಳ ಗಂಟೆ ಕೇಳಿಸಿತು.

“ಬರೂದಾದ್ರ ಜೀಪ ತೊಗೊಂಡ ಬಾ,” ಅಂದಳು. “ಅಪ್ಪನ ಜೀಪ ನೋಡಿ ಮೂರ ವರ್ಷಾತು. ಬಸ್ಸಿನ್ಯಾಗ ಬರೂದಾದ್ರ ಬರಬ್ಯಾಡ.”

ಅವಳ ಮನೆ ಊರ ಹೊರಗೆ, ಹೊಲದಲ್ಲಿ. ಟಾರು ರಸ್ತೆಯಿಂದ ಅಲ್ಲಿಗೆ ಅಪ್ಪಟ ಎರಿಯ ದಾರಿ. ಆ ವಾರ ಹಿಂಗಾರಿ ಮಳೆ ಬೇರೆ ಹಿಡಿದಿತ್ತು. ನಾಲ್ಕು ಗಾಲಿ ಎಳೆಯದಿದ್ದರೆ ಹೋಗುವಂತೆಯೇ ಇಲ್ಲ. ಮೂರು ವರ್ಷ ನಾನು ಆ ಸಣ್ಣ ಡಬ್ಬಿಯ ಕಡೆ ನೋಡಿರಲೂ ಇಲ್ಲ. ಅಕ್ಕ ಜೀಪು ಹತ್ತಿದರೆ ಮೊದಲು ಕಿವಿಗೊಟ್ಟು ಗೇರಿನ ಸದ್ದು ಕೇಳುವವಳು. ಹಾಳು ಮಾಡಿಟ್ಟಿದ್ದಾನೆ ಎಂದು ಅವಳಿಗೆ ಅನಿಸಿದರೆ ಬನ್ನಿ ಕೊಡಲು ಹೋದವನು ಬನ್ನಿ ಹಿಡಿದುಕೊಂಡೇ ವಾಪಸು ಬರಬೇಕಾದೀತು ಎಂದು ನಿಜವಾಗಿಯೂ ಹೆದರಿದೆ. ನರಗುಂದಕ್ಕೆ ಹೋದಾಗ ತೊಂಬತ್ತು ನಂಬರಿನ ಗೇರ್ ಆಯಿಲ್ ತಂದೆ. ಮಿಸ್ತ್ರಿಯ ಹತ್ತಿರ ಒಯ್ಯಬಹುದಿತ್ತು. ಆದರೆ “ನಾನ ಬದಲಿ ಮಾಡೇನಿ ಅಕ್ಕಾ” ಎಂದು ಹೇಳುವ ಆಸೆ. ಫೋನಿನಲ್ಲಿ ವಿಡಿಯೋ ನೋಡಿದೆ. ಮೊದಲ ಎರಡು ನಿಮಿಷ ವಿಡಿಯೋದವನು ಕೈ ಎತ್ತಿ ಏನೋ ಎಚ್ಚರಿಕೆ ಹೇಳುತ್ತಿದ್ದ. ಪೀಠಿಕೆ ಎಂದುಕೊಂಡು ಮುಂದೆ ಓಡಿಸಿದೆ. ಲೆಕ್ಕ ಬಿಡಿಸುವ ಮೊದಲು ಪ್ರಶ್ನೆಯನ್ನು ಪೂರ್ತಿ ಓದಿರೋ ಎಂದು ದಿನವೂ ಮಕ್ಕಳಿಗೆ ಹೇಳುವವನು ನಾನೇ.

ನವಮಿಯ ಬೆಳಿಗ್ಗೆ ಅಪ್ಪನಂತೆಯೇ ಗೋಣಿಚೀಲ ಹಾಸಿ ಕೆಳಗೆ ತೂರಿದೆ. ತಳದ ಬೋಲ್ಟು ಸಲೀಸಾಗಿ ಬಿಚ್ಚಿತು. ಕರ್ರಗಿನ ಎಣ್ಣೆ ಬುಟ್ಟಿಗಿಳಿಯಿತು, ಒಂದಿಷ್ಟು ನನ್ನ ತೋಳಿಗೂ ಇಳಿಯಿತು. ಅದೇ ಕೊಳೆತ ಉಳ್ಳಾಗಡ್ಡಿ. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. ಅಭಿಮಾನದಿಂದ ಕೆಳಗಿನ ಬೋಲ್ಟು ಬಿಗಿದು, ತುಂಬುವುದಕ್ಕೆಂದು ಮೇಲಿನದಕ್ಕೆ ಪಾನಾ ಹಾಕಿದೆ. ಅದು ಅಲುಗಲಿಲ್ಲ. ಎರಡೂ ಕೈ ಹಾಕಿದೆ. ಪಾನಾ ಜಾರಿ ಗೆಣ್ಣು ಸುಲಿಯಿತು, ಬೋಲ್ಟಿನ ಚೌಕದ ತಲೆಯ ಮೂಲೆಗಳೂ ಸವೆದವು. ಆಗ ಮಲಗಿದಲ್ಲೇ ನನಗೆ ಎಲ್ಲ ಸ್ಪಷ್ಟವಾಯಿತು. ಇದ್ದ ಎಣ್ಣೆ ತೆಗೆದಿದ್ದೇನೆ, ಹೊಸದು ಹಾಕುವ ಬಾಯಿ ತೆರೆಯುತ್ತಿಲ್ಲ. ಎಣ್ಣೆ ಇಲ್ಲದೆ ಓಡಿಸಿದರೆ ಹಲ್ಲುಗಳೆಲ್ಲ ಪುಡಿ. ಮೊದಲು ಮೇಲಿನದನ್ನು ಬಿಚ್ಚಿ ನೋಡಿದ್ದರೆ, ಅದು ಬಾರದಿದ್ದರೂ ಹಳೆಯ ಎಣ್ಣೆಯಲ್ಲೇ ಅಸೂಟಿ ಮುಟ್ಟಬಹುದಿತ್ತು.

ಗಜೇಂದ್ರಗಡದ ರಸ್ತೆಯ ಈರಣ್ಣ ಮಿಸ್ತ್ರಿಯ ಗ್ಯಾರೇಜಿಗೆ ಓಡಿದೆ. ಅಲ್ಲಿ ಹತಾರಗಳೆಲ್ಲ ಹಲಗೆಯ ಮೇಲೆ ಸಾಲಾಗಿ ಮಲಗಿದ್ದವು. ದೊಡ್ಡ ಪೈಪ್ ಪಾನಾ ನಟ್ಟನಡುವೆ, ಮೈತುಂಬ ವಿಭೂತಿ ಬಳಿದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಒಳ್ಳೇ ಮದುಮಗನ ಹಾಗೆ ಇತ್ತು. ಈರಣ್ಣ ಆಗತಾನೆ ಮಂಗಳಾರತಿ ಮುಗಿಸಿ ಕೈ ತೊಳೆಯುತ್ತಿದ್ದ.

“ಹತ್ತ ನಿಮಿಷ ಮುಂಚೆ ಬರಬೇಕಿಲ್ಲೇನ್ರಿ ಸರ,” ಅಂದ. “ಪೂಜಾ ಆದ ಹತಾರ ನಾಳೆ ಸಂಜಿಕ ಬನ್ನಿ ಮುಡಿಯೂತನಕ ಮುಟ್ಟಂಗಿಲ್ಲ.”

“ನಾಳೆ ಸಂಜಿಕ ನಾ ಅಸೂಟ್ಯಾಗ ಇರಬೇಕು ಈರಣ್ಣ.”

“ನಾಡಿದ್ದ ಹೋಗ್ರಿ. ಖರೇ ಹೇಳ್ತೇನಿ, ಈ ಊರಾಗ ಇವತ್ತ ಯಾರೂ ಪಾನಾ ಎತ್ತೂದಿಲ್ಲ.” ತಟ್ಟೆಯಲ್ಲಿದ್ದ ಚುರುಮುರಿ, ಬೆಲ್ಲ ಕೊಟ್ಟು ಕಳಿಸಿದ.

ಮನೆಗೆ ಬಂದರೆ ಇದ್ದ ಪಾನಾಗಳೂ ಇರಲಿಲ್ಲ. ಹೆಂಡತಿ ಅವನ್ನು ತೊಳೆದು, ಒರೆಸಿ, ಜಗಲಿಯ ಮುಂದೆ ಇಳಿಗೆಮಣೆ, ಕೊಡಲಿ, ನನ್ನ ಕೈವಾರ, ಕೋನಮಾಪಕಗಳ ಜೊತೆ ಪೂಜೆಗೆ ಕೂರಿಸಿಬಿಟ್ಟಿದ್ದಳು. ಅವಳು ಗಜೇಂದ್ರಗಡದ ನೇಕಾರರ ಮನೆಯ ಮಗಳು. ಅವರಲ್ಲಿ ಲಾಳಿಗೆ ಕುಂಕುಮ ಹಚ್ಚಿದರೆಂದರೆ ಬನ್ನಿ ಮುಡಿಯುವವರೆಗೆ ಮಗ್ಗದಲ್ಲಿ ಒಂದು ಎಳೆ ನೂಲು ಹಾಯುವುದಿಲ್ಲ. ಅವಳ ಹತ್ತಿರ ಈ ವಿಷಯದಲ್ಲಿ ರಿಯಾಯಿತಿ ಸಿಗುವ ಹಾಗಿರಲಿಲ್ಲ.

“ನಮ್ಮಪ್ಪನ ಮಗ್ಗದಾಗ ಅರ್ಧಾ ಸೀರಿ ನಿಂತಿರತೈತಿ. ನಿಮ್ಮ ಜೀಪ ಒಂದ ದಿನ ನಿಂದ್ರೂದಿಲ್ಲೇನ್ರಿ?” ಅಂದಳು. ಆಮೇಲೆ ಜೀಪಿಗೂ ಕುಂಕುಮ ಹಚ್ಚಿ, ಗಾಲಿಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದಳು. ಹೊಟ್ಟೆ ಖಾಲಿ ಇದ್ದ ಗಾಡಿ ಸುಮ್ಮನೆ ಪೂಜೆ ಮಾಡಿಸಿಕೊಂಡಿತು.

ಅಕ್ಕನಿಗೆ ಹೇಳದೆ ಗತಿಯಿರಲಿಲ್ಲ. ಮಧ್ಯಾಹ್ನ ಫೋನು ಮಾಡಿದೆ. ಮಾತನ್ನು ಮಳೆಯಿಂದ ಶುರು ಮಾಡಿ, ಜೋಳದ ಬಿತ್ತನೆಯ ಮೇಲೆ ಹಾಯಿಸಿ, ಎಮ್ಮೆಯ ಆರೋಗ್ಯ ವಿಚಾರಿಸಿ, ಕೊನೆಗೆ ಜೀಪಿಗೆ ತಂದೆ.

“ಯಾವ ಬೋಲ್ಟ ಮೊದಲ ಬಿಚ್ಚಿದಿ?” ಅಂದಳು.

“ಕೆಳಗಿಂದು.”

ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮ್ಯಾಲಿನ ಬೋಲ್ಟಿಗೆ ಡೀಸೆಲ್ ಹಚ್ಚಿಡು. ಮತ್ತೇನೂ ಮುಟ್ಟಬ್ಯಾಡ,” ಎಂದು ಫೋನಿಟ್ಟಳು. ಬಾ ಎಂದಳೋ, ಬೇಡ ಎಂದಳೋ ತಿಳಿಯಲಿಲ್ಲ. ನಾನು ಡೀಸೆಲ್ ಹಚ್ಚಿದೆ. ಹಚ್ಚುವುದಕ್ಕೆ ಹತಾರ ಬೇಡವಲ್ಲ, ಬಟ್ಟೆ ಸಾಕು.

ದಶಮಿಯ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅಂಗಳದಲ್ಲಿ ಯಾರೋ ನಿಂತಂತಾಯಿತು. ಅಕ್ಕ. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಎರಡೂ ಕಾಲಿಗೆ ಎರಿಮಣ್ಣು ಒಣಗಿ ಬೂಟು ಹಾಕಿಕೊಂಡಂತೆ ಕಾಣುತ್ತಿತ್ತು. ಹೊಲದಿಂದ ರಸ್ತೆಯವರೆಗೆ ಆ ರಾಡಿಯಲ್ಲಿ, ನೋವಿನ ಮೊಣಕಾಲಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, ಬಸ್ಸು ಹತ್ತಿ ಬಂದಿದ್ದಳು. ಬಗಲಲ್ಲಿ ಒಂದು ಕೈಚೀಲ. ಮೂರು ವರ್ಷದಲ್ಲಿ ನಾನು ಒಮ್ಮೆಯಾದರೂ ಹೀಗೆ ನಡೆದು ಹೋಗಬಹುದಿತ್ತು. ಆ ಕಾಲು ನೋಡಿ ನನಗೆ ಬಹಳ ನಾಚಿಕೆಯಾಯಿತು.

ಹೆಂಡತಿ ಕಾಲಿಗೆ ನೀರು ತಂದಳು. ಅಕ್ಕ ಕಾಲು ತೊಳೆಯುವ ಮೊದಲು ಚೀಲದಿಂದ ಪೈಪ್ ಪಾನಾ ತೆಗೆದು ಕಟ್ಟೆಯ ಮೇಲಿಟ್ಟಳು. ಅದರ ಮೇಲೂ ವಿಭೂತಿ, ಕುಂಕುಮ. ಹೆಂಡತಿಯ ಕೈಯಲ್ಲಿನ ತಂಬಿಗೆ ಅಲ್ಲೇ ನಿಂತಿತು.

“ಅಯ್ಯ ಅಕ್ಕಾರ, ಪೂಜಾದಾಗಿಂದ ಎತ್ತಿದ್ರೇನ್ರಿ?”

“ಕೇಳಿ ಎತ್ತೇನಿ,” ಅಂದಳು ಅಕ್ಕ. “‘ತಮ್ಮನ ಗಾಡಿ ನಿಂತೈತಿ, ಒಂದ ತಾಸಿನ ಮಟ್ಟಿಗೆ ಕೊಡವ್ವಾ’ ಅಂತ ಕೈ ಮುಗದು ಕುಂತೆ. ಬಲಕ್ಕ ಹೂ ಕೊಟ್ಟಳು.”

ದೇವಿಯ ಬಲಗಡೆಯ ಹೂವು ತಾನಾಗಿ ಬಿದ್ದರೆ ಅಪ್ಪಣೆಯಾದಂತೆ. ಅದರ ಮೇಲೆ ನೇಕಾರರ ಮಗಳೂ ಮಾತಾಡುವಂತಿಲ್ಲ. ಅವಳು ಚಹಾ ಇಡಲು ಒಳಗೆ ಹೋದಳು.

ಅಕ್ಕ ಸೆರಗು ಸಿಕ್ಕಿಸಿಕೊಂಡು ಗೋಣಿಚೀಲದ ಮೇಲೆ ಮಲಗಿ ಜೀಪಿನ ಕೆಳಗೆ ಸರಿದಳು. ನಾನು ಪಾದಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತೆ.

“ಮೊದಲ ಸ್ವಲ್ಪ ಬಿಗಿ ಮಾಡಬೇಕು. ತುಕ್ಕ ಸಡ್ಲ ಆಗತೈತಿ. ಆಮ್ಯಾಲ ಬಿಚ್ಚಬೇಕು,” ಎಂದು ಕೆಳಗಿನಿಂದ ದನಿ ಬಂತು. ನನಗೆ ಹೇಳಿದಳೋ, ಅಪ್ಪ ಹೇಳಿದ್ದನ್ನು ತಾನೇ ನೆನೆಸಿಕೊಂಡಳೋ ಗೊತ್ತಾಗಲಿಲ್ಲ. ಪೈಪ್ ಪಾನಾ ಸವೆದ ತಲೆಯನ್ನು ಕಚ್ಚಿ ಹಿಡಿಯಿತು. ಕಿರ್ ಎಂದು ಒಂದು ಸದ್ದು. ಬೋಲ್ಟು ಬಿಚ್ಚಿತು.

“ಸುರುವು.”

ಸೀಟಿನ ಪಕ್ಕದಿಂದ ಇಳಿಬಿಟ್ಟ ಪೈಪಿನ ಬಾಯಿಗೆ ಲಾಳಿಕೆಯಿಟ್ಟು ಎಣ್ಣೆ ಸುರುವಿದೆ. ದಪ್ಪ ಎಣ್ಣೆ, ಜೇನಿನಂತೆ ನಿಧಾನ. ತೂತಿನ ಮಟ್ಟಕ್ಕೆ ಬಂದು ಅಲ್ಲಿಂದ ತುಳುಕಿದರೆ ತುಂಬಿದ ಲೆಕ್ಕ.

“ಸಾಕು,” ಅಂದಳು.

ಮಧ್ಯಾಹ್ನ ಊಟ ಮಾಡಿ ಇಬ್ಬರೂ ಹೊರಟೆವು. ಟಾರು ರಸ್ತೆ ಮುಗಿಯುವವರೆಗೆ ನಾನು ಓಡಿಸಿದೆ. ಎರಿಯ ದಾರಿ ಬಂದಾಗ ಅಕ್ಕ ನನ್ನ ಕಡೆ ನೋಡದೆಯೇ “ಸರಿ ಆ ಕಡೆ” ಅಂದಳು. ಸರಿದೆ. ಅವಳು ಸಣ್ಣ ಲಿವರು ಎಳೆದು, ಒಂದು ಕ್ಷಣ ಕಿವಿಗೊಟ್ಟು ಕೇಳಿ, ಕ್ಲಚ್ಚು ಬಿಟ್ಟಳು. ಜೀಪು ಒಮ್ಮೆ ಹಿಂದೆ ತಗ್ಗಿ, ಮುಂದೆ ಎದ್ದು, ರಾಡಿಯನ್ನು ಎರಡೂ ಕಡೆ ಚೆಲ್ಲುತ್ತ ಹೊರಟಿತು. ಅಕ್ಕ ನಗುತ್ತಿದ್ದಳು. ಆ ನಗು ನನಗಾಗಿ ಅಲ್ಲ ಎಂದು ಗೊತ್ತಿದ್ದೂ ನನಗೆ ಖುಷಿಯಾಯಿತು.

ಸಂಜೆ ಅವಳ ಅಂಗಳದಲ್ಲಿ ಬನ್ನಿ ಕೊಟ್ಟೆ. “ಬನ್ನಿ ತೊಗೊಂಡು ಬಂಗಾರದಂಗ ಇರೂಣು” ಎಂದು ಇಬ್ಬರೂ ಅಂದೆವು. ಕಾಲು ಮುಟ್ಟಿದೆ. ತಲೆಯ ಮೇಲೆ ಕೈಯಿಟ್ಟಳು, ಕೈಗೆ ಇನ್ನೂ ಗೇರ್ ಎಣ್ಣೆಯ ವಾಸನೆ ಇತ್ತು. ಪಡಸಾಲೆಯಲ್ಲಿ ಅಂದು ಯಾರೂ ಕೇಳದೆ ಬಿಟ್ಟದ್ದನ್ನು ನಾನು ಆಗ ಕೇಳಿದೆ.

“ಅಕ್ಕಾ, ಅಪ್ಪನ ಜೀಪ ಯಾರ ಕಡೆ ಇರಬೇಕಂತಿ?”

ಒಂದು ಮಾತು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಹೀಗೆ ಕೇಳಿದಾಗ ಏನು ಉತ್ತರ ಬರಬೇಕೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಎರಡನೆಯ ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುವುದಿಲ್ಲವೇ, ಹಾಗೆ. ಎಲ್ಲಿದ್ದರೇನು, ನಿನ್ನ ಕಡೆಯೇ ಇರಲಿ ತಗೋ ಎಂದು ಅಕ್ಕ ಅನ್ನುತ್ತಾಳೆ, ಇಬ್ಬರ ಕಣ್ಣೂ ಒಂದಿಷ್ಟು ಒದ್ದೆಯಾಗುತ್ತವೆ, ನಾನು ಜೀಪು ತೆಗೆದುಕೊಂಡು ಮನೆಗೆ ಹೋಗುತ್ತೇನೆ. ಕೇಳುವಾಗಲೇ ಅಷ್ಟನ್ನೂ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆ.

“ನನ್ನ ಕಡೆ ಇರ್ಲಿ,” ಅಂದಳು ಅಕ್ಕ.

ಕೈ ಜೇಬಿಗೆ ಹೋಯಿತು. ಚಾವಿ ಜೇಬಿನಲ್ಲಿರಲಿಲ್ಲ. ಎರಿಯ ದಾರಿಯಿಂದಲೂ ಅದು ಅವಳ ಸೊಂಟದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ರಸ್ತೆಯವರೆಗೆ ಜೀಪಿನಲ್ಲೇ ತಂದು ಬಿಟ್ಟಳು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಬಂದೆ. ಮನೆಯ ಬಾಗಿಲಲ್ಲಿ ಹೆಂಡತಿ ನನ್ನ ಬೆನ್ನ ಹಿಂದೆ ಬೀದಿಯನ್ನು ಇಣುಕಿ ನೋಡಿದಳು.

“ಜೀಪ ಎಲ್ಲೈತ್ರಿ?”

“ಅಕ್ಕನ್ನ ಕೇಳಿದೆ. ನನ್ನ ಕಡೆ ಇರ್ಲಿ ಅಂದಳು.”

ಹೆಂಡತಿ ಒಳಗೆ ಹೋಗುತ್ತ ಅಂದಳು, “ಹಂಗಾರ ದೀಪಾವಳಿಗೆ ಅಕ್ಕಾರ ನಿಮಗ ಆರತಿ ಮಾಡಾಕ ಬರ್ತಾರ.”

ಬಂದಳು. ಓಣಿಯ ತುದಿಯಿಂದಲೇ ಹಾರ್ನು ಬಾರಿಸುತ್ತ ಬಂದಳು.